ಹಣ ಪಡೆದು ಬರೆದ ಕೋಡ್ ಯಾರದು?

ಪ್ರಶ್ನೆ: ಧಾರವಾಡದಿಂದ ಬಂದು ಪುಣೆಯ ಕೊಥ್ರೂಡ್‌ನಲ್ಲಿ ನೆಲೆಸಿರುವ ನಾನು ಸ್ವತಂತ್ರವಾಗಿ ವೆಬ್‌ಸೈಟ್‌ಗಳನ್ನು ಮಾಡಿಕೊಡುತ್ತೇನೆ. ಮಸಾಲೆ ಪುಡಿ ಮಾರುವ ಇಲ್ಲಿನ ವ್ಯಾಪಾರಿಯೊಬ್ಬರ ವರ್ಡ್‌ಪ್ರೆಸ್ (ವೆಬ್‌ಸೈಟ್ ಕಟ್ಟುವ ತಂತ್ರಾಂಶ) ಅಂಗಡಿಗೆ ಒಂದು ಪ್ಲಗಿನ್, ಅಂದರೆ ಅದಕ್ಕೆ ಜೋಡಿಸುವ ಹೆಚ್ಚುವರಿ ಪ್ರೋಗ್ರಾಮ್ ಬರೆದೆ. ಗಿರಾಕಿ ಮಹಾರಾಷ್ಟ್ರದವರಾದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡನ್ನೂ, ಬೇರೆ ರಾಜ್ಯದವರಾದರೆ ಐಜಿಎಸ್‌ಟಿಯನ್ನೂ ಅದು ಬಿಲ್ಲಿನಲ್ಲಿ ತಾನಾಗಿ ನಮೂದಿಸುತ್ತದೆ. ಅದನ್ನು ಓಪನ್ ಸೋರ್ಸ್ ಆಗಿ (ಯಾರು ಬೇಕಾದರೂ ಕೋಡು ನೋಡಿ, ಬದಲಿಸಿ ಬಳಸುವಂತೆ) ಪ್ರಕಟಿಸುವೆನೆಂದರೆ, ‘ದುಡ್ಡು ಕೊಟ್ಟವನು ನಾನು, ಅದು ನನ್ನದು’ ಎನ್ನುತ್ತಾರೆ. ನಮ್ಮ ನಡುವೆ ಲಿಖಿತ ಕರಾರಿಲ್ಲ. ಪ್ರಕಟಿಸಬಹುದೇ? ಅದರಿಂದ ನನ್ನ ವೃತ್ತಿಗೆ ಪ್ರಯೋಜನವಿದೆಯೇ?
– ಓದುಗರು, ಪುಣೆ

ಉತ್ತರ: ನಿಮ್ಮ ಗ್ರಾಹಕರ ಮಾತು ಸಹಜವಾಗಿ ತೋರಿದರೂ ಕಾನೂನು ಹಾಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯು ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯೆಂದು ಪರಿಗಣಿಸುತ್ತದೆ. ಅದರ 17ನೇ ಕಲಮಿನ ಪ್ರಕಾರ, ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನಿಗೆ ಸೇರುತ್ತದೆ. ಸ್ವತಂತ್ರವಾಗಿ ದುಡಿಯುವವರು ಬರೆದದ್ದರ ಮೊದಲ ಒಡೆತನ ಸಾಮಾನ್ಯವಾಗಿ ಬರೆದವರದೇ. ಆ ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡಬೇಕಾದರೆ, 19ನೇ ಕಲಮಿನಂತೆ, ನಿಮ್ಮ ಸಹಿಯಿರುವ ಬರಹ ಬೇಕು. ಆದ್ದರಿಂದ ಅಂಥ ಷರತ್ತಿರುವ ಕೊಟೇಶನ್‌ಗಾಗಲಿ ಪರ್ಚೇಸ್ ಆರ್ಡರ್‌ಗಾಗಲಿ ಸಹಿ ಹಾಕಿದ್ದೀರಾ ಎಂದು ಮೊದಲು ಹುಡುಕಿ ನೋಡಿ. ಇಲ್ಲವಾದರೆ ಹಕ್ಕು ನಿಮ್ಮಲ್ಲಿದೆ. ಅವರು ಹಣ ತೆತ್ತು ಪಡೆದ ಪ್ಲಗಿನ್ನನ್ನು ಬಳಸುತ್ತಿರಲು ಅದರಿಂದ ಯಾವ ಅಡ್ಡಿಯೂ ಇಲ್ಲ.

ಹಾಗಿದ್ದರೂ ಅವರನ್ನು ಕೂರಿಸಿಕೊಂಡು ಮಾತನಾಡಿ ಎಂದೇ ಹೇಳುತ್ತೇನೆ. ಅವರಿಗಿರುವುದು ಕೋಡಿನ ಚಿಂತೆಯಲ್ಲ, ತಮ್ಮ ದರ, ಗಿರಾಕಿಗಳ ಹೆಸರು, ವಿಳಾಸಗಳು ಹೊರಬಿದ್ದಾವೆಂಬ ಅಂಜಿಕೆ ಇರಬಹುದು, ಮತ್ತು ಅದು ನ್ಯಾಯವಾದದ್ದೇ. ಇಲ್ಲಿ ನೀವು ವಿಶೇಷವಾಗಿ ಎಚ್ಚರ ವಹಿಸಬೇಕು. ಕೆಲಸ ಮಾಡಿದ ಗಿಟ್ ರೆಪಾಸಿಟರಿಯನ್ನೇ (ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಸಂಗ್ರಹ) ಸಾರ್ವಜನಿಕಗೊಳಿಸಬೇಡಿ. ಪೇಮೆಂಟ್ ಗೇಟ್‌ವೇಯ (ಆನ್‌ಲೈನ್ ಪಾವತಿ ಸೇವೆ) ರಹಸ್ಯ ಕೀಲಿಯನ್ನು ಒಮ್ಮೆ ಫೈಲಿನಲ್ಲಿಟ್ಟು ಕಮಿಟ್ ಮಾಡಿದ್ದರೆ, ಅಂದರೆ ಆ ಸಂಗ್ರಹದಲ್ಲಿ ದಾಖಲಿಸಿದ್ದರೆ, ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಹಳೆಯ ಇತಿಹಾಸದಲ್ಲಿ ಅದು ಹಾಗೆಯೇ ಉಳಿದಿರುತ್ತದೆ, ತೆರೆದು ನೋಡಿದ ಯಾರಿಗಾದರೂ ಸಿಗುತ್ತದೆ. ಹೊಸ ರೆಪಾಸಿಟರಿ ತೆರೆದು, ಸಾಮಾನ್ಯ ಬಳಕೆಯ ಭಾಗವನ್ನಷ್ಟೇ ಅದಕ್ಕೆ ತನ್ನಿ; ಹಳೆಯ ಕೀಲಿಗಳನ್ನು ಬದಲಿಸಿಬಿಡಿ.

ಲೈಸೆನ್ಸ್ ಫೈಲನ್ನು ಮರೆಯಬಾರದು. ಅದಿಲ್ಲದ ಕೋಡನ್ನು ಜನ ಓದಬಹುದೇ ಹೊರತು ಬಳಸಲು ಅನುಮತಿ ಸಿಕ್ಕಂತಾಗುವುದಿಲ್ಲ. ವರ್ಡ್‌ಪ್ರೆಸ್ ಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸಿನಡಿ ಇದೆ. ಅದರ ಅಧಿಕೃತ ಪ್ಲಗಿನ್ ಸಂಗ್ರಹಕ್ಕೆ ಸೇರಿಸಲು ನಿಮ್ಮದೂ ಜಿಪಿಎಲ್‌ಗೆ ಹೊಂದುವಂತಿರಬೇಕು.

ಇನ್ನು ವೃತ್ತಿಯ ಮಾತು. ಗೋಪ್ಯತೆಯ ಕರಾರಿನಡಿ ಮಾಡಿದ ಕೆಲಸವನ್ನು ಹೊಸ ಗ್ರಾಹಕರಿಗೆ ತೋರಿಸಲಾಗದೆ ಎಷ್ಟೋ ಜನ ಸ್ವತಂತ್ರ ಡೆವಲಪರ್‌ಗಳು ಒದ್ದಾಡುತ್ತಾರೆ. ಸಾರ್ವಜನಿಕ ಕೋಡು ಆ ಕೊರತೆಯನ್ನು ತುಂಬುತ್ತದೆ, ಆದರೆ ತಕ್ಷಣ ಕೆಲಸ ತಂದುಕೊಡುತ್ತದೆಂದು ನಂಬಿ ಕೂರಬೇಡಿ. ಪರಿಣತರು ನೋಡುವುದು ಕೋಡಿನ ಸಾಲುಗಳನ್ನಷ್ಟೇ ಅಲ್ಲ. ದೋಷ ವರದಿ ಮಾಡಿದವರಿಗೆ ನೀವು ಹೇಗೆ ಉತ್ತರಿಸಿದಿರಿ, ಬದಲಾವಣೆಯ ಕಾರಣವನ್ನು ಎಷ್ಟು ಸ್ಪಷ್ಟವಾಗಿ ಬರೆದಿರಿ ಎಂಬುದನ್ನೂ ನೋಡುತ್ತಾರೆ. ನಿಮ್ಮ ಪ್ಲಗಿನ್ನಿಗೆ ಕನ್ನಡ, ಮರಾಠಿ ಅನುವಾದಗಳನ್ನು ಸೇರಿಸಿದರೆ ಬೆಳಗಾವಿ, ಕೊಲ್ಹಾಪುರದ ಅಂಗಡಿಗಳಿಗೂ ಅದು ಒದಗುತ್ತದೆ.

ಮುಂದಿನ ಕೆಲಸ ಹಿಡಿಯುವಾಗ, ಗ್ರಾಹಕರಿಗಾಗಿಯೇ ಬರೆದ ಭಾಗ ಅವರದು, ಸಾಮಾನ್ಯ ಬಳಕೆಯ ಭಾಗ ನಿಮ್ಮದು, ಅದನ್ನು ಅವರು ನಿರಾತಂಕವಾಗಿ ಬಳಸಬಹುದು ಎಂಬ ಷರತ್ತನ್ನು ಮುಂಗಡ ಪಡೆಯುವ ಮೊದಲೇ ಕರಾರಿನಲ್ಲಿ ಸೇರಿಸಿ. ಈಗಿನ ವ್ಯಾಪಾರಿ ಒಪ್ಪದೆ ನೋಟಿಸ್ ಕಳಿಸುವ ಮಾತಾಡಿದರೆ ಮಾತ್ರ, ಪ್ರಕಟಿಸುವ ಮುನ್ನ ವಕೀಲರಿಗೆ ಕಾಗದಪತ್ರಗಳನ್ನು ತೋರಿಸಿ.