ಸಂಪಾದಕರ ಉತ್ತರ: ನಿಧಾನಸ್ಥರ ಪಾಲಿನ ಸಮಯ

ಆತ್ಮೀಯರೇ,

ಚಿಕ್ಕಂದಿನಿಂದಲೂ ಎಲ್ಲದರಲ್ಲೂ ನಿಧಾನ, ಕೊಟ್ಟ ಕೆಲಸವನ್ನು ತಪ್ಪಿಲ್ಲದೆ ಮುಗಿಸಿದರೂ ಎಲ್ಲರಿಗಿಂತ ಕೊನೆಗೆ, ಕಚೇರಿಯ ಸಭೆಯಲ್ಲಿ ಮಾತು ಬಾಯಿಗೆ ಬರುವಷ್ಟರಲ್ಲಿ ಚರ್ಚೆಯೇ ಮುಂದಕ್ಕೆ ಹೋಗಿರುತ್ತದೆ ಎಂದು ಬರೆದಿದ್ದೀರಿ. ಮನೆಯವರೂ ಮೇಲಧಿಕಾರಿಗಳೂ ನಿಮ್ಮನ್ನು ಸೋಮಾರಿಯೆಂದೇ ತಿಳಿದಿದ್ದಾರೆಂಬ ನೋವು ಪತ್ರದುದ್ದಕ್ಕೂ ಇದೆ. ಇದು ನಿಮ್ಮ ದೋಷವೇ, ಪ್ರಯತ್ನಪಟ್ಟು ಚುರುಕಾಗಬೇಕೇ ಎಂಬುದು ನಿಮ್ಮ ಪ್ರಶ್ನೆ.

ಮೊದಲು ಒಂದು ಮಾತು. ಚುರುಕಾಗಿದ್ದವರು ಇತ್ತೀಚೆಗೆ ನಿಧಾನವಾದರೆ ಅದಕ್ಕೆ ಥೈರಾಯ್ಡ್ ಕೊರತೆಯೋ ಖಿನ್ನತೆಯೋ ಕಾರಣವಿರಬಹುದು, ಅಂಥವರು ವೈದ್ಯರನ್ನು ಕಾಣಬೇಕು. ನಿಮ್ಮದು ಹುಟ್ಟಿನಿಂದ ಬಂದ ನಡೆ.

ಅಂಥ ನಡೆಯನ್ನು ಅಧ್ಯಯನಕಾರರೂ ಗುರುತಿಸಿದ್ದಾರೆ. 1956ರಲ್ಲಿ ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ ಹಸುಗೂಸುಗಳ ಸ್ವಭಾವವನ್ನು ಗಮನಿಸತೊಡಗಿ, ಅವರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದರು. ಆ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಂದಿ ಹೊಸದಕ್ಕೆ ಹೊಂದಿಕೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳುವ ಗುಂಪಿಗೆ ಸೇರಿದ್ದರು. ಅವರ ತೀರ್ಮಾನ ನನಗೆ ಇನ್ನೂ ಮುಖ್ಯವೆನಿಸುತ್ತದೆ: ತೊಂದರೆ ಹುಟ್ಟುವುದು ಮಗುವಿನ ಸ್ವಭಾವದಿಂದಲ್ಲ, ಆ ಸ್ವಭಾವಕ್ಕೂ ಸುತ್ತಲಿನವರ ನಿರೀಕ್ಷೆಗೂ ತಾಳೆಯಾಗದಿದ್ದಾಗ.

ಇನ್ನು ಸೋಮಾರಿತನದ ಮಾತು. ಸೋಮಾರಿ ಕೆಲಸವನ್ನು ತಪ್ಪಿಸಿಕೊಳ್ಳುತ್ತಾನೆ. ನೀವಾದರೋ ಮುಗಿದ ಲೆಕ್ಕವನ್ನು ಮೇಲಿನಿಂದ ಇನ್ನೊಮ್ಮೆ ಕೂಡಿ ನೋಡಿ ಆಮೇಲೆ ಸಹಿ ಹಾಕುವವರು. ಅವಸರ ಹೆಚ್ಚಿದಷ್ಟೂ ಕೈ ತಪ್ಪುವುದು ಹೆಚ್ಚುತ್ತದೆಂಬುದನ್ನು ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ವುಡ್‌ವರ್ತ್ 1899ರಷ್ಟು ಹಿಂದೆಯೇ ಪ್ರಯೋಗಗಳಿಂದ ತೋರಿಸಿದ್ದರು. ಹಾಗೆಂದು ನಿಧಾನವೆಲ್ಲವೂ ನಿಖರವಾಗಿರುತ್ತದೆಂದು ನಾನು ಹೇಳಲಾರೆ. ನಿಧಾನವಾಗಿ ಮಾಡಿದ ಕೆಲಸದಲ್ಲೂ ತಪ್ಪುಗಳಿರುತ್ತವೆ. ಆದರೆ ವೇಗವನ್ನೇ ಬುದ್ಧಿಯ ಅಳತೆಗೋಲು ಮಾಡಿಕೊಳ್ಳುವುದಕ್ಕೆ ಆಧಾರವಿಲ್ಲ. ಗಣಿತದ ಅತ್ಯುನ್ನತ ಮನ್ನಣೆಗಳಲ್ಲೊಂದಾದ ಫೀಲ್ಡ್ಸ್ ಪದಕವನ್ನು 1950ರಲ್ಲಿ ಪಡೆದ ಫ್ರಾನ್ಸಿನ ಲೋರಾಂ ಶ್ವಾರ್ಟ್ಜ್, ಶಾಲೆಯಲ್ಲಿ ತಾವು ನಿಧಾನವಾಗಿದ್ದುದರಿಂದ ತಮ್ಮನ್ನು ದಡ್ಡರೆಂದೇ ಭಾವಿಸಿದ್ದಾಗಿ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ನೀವು ಗಣಿತಜ್ಞರಾಗಬೇಕಿಲ್ಲ, ಅವರಿಗೆ ಬಂದ ಆ ಸಂಶಯ ನಿಮ್ಮನ್ನೂ ಕಾಡುತ್ತಿದೆಯೆಂದು ಇದನ್ನು ಹೇಳಿದೆ.

ಸಭೆಯ ವಿಷಯಕ್ಕೆ ಬರೋಣ, ಏಕೆಂದರೆ ನಿಮಗೆ ಹೆಚ್ಚು ಪೆಟ್ಟಾಗಿರುವುದು ಅಲ್ಲಿಯೇ. ಬೇರೆ ಬೇರೆ ಖಂಡಗಳ 10 ಭಾಷೆಗಳ ಮಾತುಕತೆಯನ್ನು ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಒಬ್ಬರು ಕೇಳಿ ಮುಗಿಸಿದ ಪ್ರಶ್ನೆಗೂ ಇನ್ನೊಬ್ಬರ ಉತ್ತರಕ್ಕೂ ನಡುವಿನ ಅಂತರ ಸರಾಸರಿ ಸುಮಾರು 0.2 ಸೆಕೆಂಡು. ಅಷ್ಟರಲ್ಲಿ ಯಾರೂ ಯೋಚಿಸಿ ಉತ್ತರಿಸಲಾರರು. ಎದುರಿನವರ ಮಾತು ಮುಗಿಯುವ ಮೊದಲೇ ಉತ್ತರ ಕಟ್ಟಿಕೊಂಡವರಿಗೆ ಮಾತ್ರ ಅದು ಸಾಧ್ಯ. ಪೂರ್ತಿ ಕೇಳಿಸಿಕೊಂಡು ಆಮೇಲೆ ಯೋಚಿಸುವವರ ಸರದಿ ಅಲ್ಲಿ ತಪ್ಪಿಹೋಗುವುದು ಸಹಜ.

ಈ ಬಗ್ಗೆ ನನಗೆ ತುಂಬ ಭರವಸೆ ಕೊಟ್ಟದ್ದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರ ಕೆಲಸ. ವಿಜ್ಞಾನದ ತರಗತಿಗಳನ್ನು ಧ್ವನಿಮುದ್ರಿಸಿ ಕೇಳಿದ ಅವರಿಗೆ, ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಬಹುಪಾಲು ಒಂದೇ ಸೆಕೆಂಡು, ಉತ್ತರ ಬರದಿದ್ದರೆ ತಾವೇ ಹೇಳಿಬಿಡುತ್ತಾರೆ ಅಥವಾ ಬೇರೆ ಮಗುವಿನತ್ತ ತಿರುಗುತ್ತಾರೆಂಬುದು ಗೊತ್ತಾಯಿತು. ಆ ಬಿಡುವನ್ನು ಮೂರು ಸೆಕೆಂಡಿಗೋ ಇನ್ನೂ ತುಸು ಹೆಚ್ಚಿಗೋ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುವುದು ಕಡಿಮೆಯಾಯಿತು, ದಡ್ಡರೆಂದು ಶಿಕ್ಷಕರು ಪಕ್ಕಕ್ಕಿಟ್ಟಿದ್ದ ಮಕ್ಕಳೂ ಬಾಯಿಬಿಟ್ಟರು. ಮಕ್ಕಳು ಅವರೇ; ಬೇಕೆಂದು ಬದಲಿಸಿದ್ದು ಕಾಯುವ ಹೊತ್ತನ್ನು.

ಆದರೆ ಆ ಮೂರು ಸೆಕೆಂಡನ್ನು ನಿಮಗೆ ಯಾರೂ ತಾವಾಗಿ ಕೊಡುವುದಿಲ್ಲ. ನೀವೇ ಕೇಳಿ ಪಡೆಯಬೇಕು, ಅದೂ ಮುಂಚಿತವಾಗಿ. ಸಭೆಯಲ್ಲಿ ಚರ್ಚೆಗೆ ಬರುವ ವಿಷಯಗಳನ್ನು ಹಿಂದಿನ ದಿನವೇ ತರಿಸಿಕೊಂಡು ಎರಡು ವಾಕ್ಯ ಬರೆದಿಟ್ಟುಕೊಳ್ಳಿ. ಅನಿರೀಕ್ಷಿತವಾದದ್ದು ಬಂದರೆ, "ಇದಕ್ಕೆ ನನ್ನ ಅಭಿಪ್ರಾಯವನ್ನು ನಾಳೆ ಬೆಳಿಗ್ಗೆ ಬರೆದು ಕೊಡುತ್ತೇನೆ" ಎಂದು ಅಲ್ಲೇ ಹೇಳಿ, ಹೇಳಿದಂತೆ ಕೊಡಿ. ಮೂರು ದಿನ ಬೇಕಾದ ಕೆಲಸಕ್ಕೆ ಬೇರೆಯವರು ಎರಡು ದಿನ ಎನ್ನುತ್ತಾರೆಂದು ನೀವೂ ಸಂಕೋಚದಿಂದ ಎರಡೇ ದಿನ ಎಂದುಬಿಟ್ಟರೆ, ಮೂರನೆಯ ದಿನ ನೀವು ಮಾತಿಗೆ ತಪ್ಪಿದವರಾಗುತ್ತೀರಿ. ಸೋಮಾರಿಯೆಂಬ ಹೆಸರು ಬಹಳ ಸಲ ಬರುವುದು ನಿಧಾನದಿಂದಲ್ಲ, ಹೀಗೆ ಮಾತು ತಪ್ಪುವುದರಿಂದ ಎಂದು ನನ್ನ ದೃಢವಾದ ನಂಬಿಕೆ.

ಚುರುಕಾಗಬೇಕೇ ಎಂದರೆ, ದಿನವೂ ಮರಳಿ ಬರುವ ಕೆಲಸಗಳಲ್ಲಿ ಆಗಿ. ಬೆರಳಚ್ಚು, ನಿಗದಿತ ನಮೂನೆಗಳನ್ನು ತುಂಬುವುದು ಮುಂತಾದವು ಅಭ್ಯಾಸದಿಂದ ಖಂಡಿತ ವೇಗ ಪಡೆಯುತ್ತವೆ. ನಿಮ್ಮ ಕೆಲಸ ಮುಗಿದ ಮೇಲೆಯೇ ತನ್ನದನ್ನು ಆರಂಭಿಸಬೇಕಾದ ಸಹೋದ್ಯೋಗಿಯೊಬ್ಬರು ಇದ್ದರೆ, ಅವರ ಸಂಜೆಯನ್ನು ನಿಮ್ಮ ಸ್ವಭಾವ ಕಿತ್ತುಕೊಳ್ಳಬಾರದು; ಅಂಥಲ್ಲಿ ಬೇಗ ಮುಗಿಸಲಾಗದಿದ್ದರೂ ಬೇಗ ಶುರುಮಾಡುವುದು ನಿಮ್ಮ ಕೈಯಲ್ಲಿದೆ. ಆಲೋಚನೆಯ ನಡೆಯನ್ನು ಮಾತ್ರ ಬಲವಂತವಾಗಿ ಬದಲಿಸಲು ಹೋಗಬೇಡಿ.

ಮನೆಯವರಿಗೂ ಒಂದು ಕೋರಿಕೆ ಸಲ್ಲಿಸಿ. ಎಷ್ಟು ಗಂಟೆಗೆ ಹೊರಡಬೇಕೆಂಬುದನ್ನು ಮೊದಲೇ ತಿಳಿಸಲಿ, ಆಮೇಲೆ ಬಾಗಿಲಲ್ಲಿ ನಿಂತು "ಬೇಗ, ಬೇಗ" ಎನ್ನದಿರಲಿ. ಪ್ರತಿ ಕೂಗಿಗೂ ನೀವು ಮಾಡುತ್ತಿದ್ದುದನ್ನು ನಿಲ್ಲಿಸಿ, ಎಲ್ಲಿದ್ದೆನೆಂದು ನೆನಪಿಸಿಕೊಂಡು ಮತ್ತೆ ತೊಡಗಬೇಕಾಗುತ್ತದೆ. ಅದರಿಂದ ತಡವೇ ಹೆಚ್ಚುತ್ತದೆಂದು ಅವರಿಗೆ ಸಮಾಧಾನದಿಂದ ವಿವರಿಸಿ. ಹೇಳಲು ಕಷ್ಟವೆನಿಸಿದರೆ ಈ ಪುಟವನ್ನೇ ಅವರ ಕೈಗೆ ಕೊಡಿ.

— ಸಂಪಾದಕ