ಒಂದು 2 ಗುಣಿಸಿದರೆ 8 ಪಟ್ಟು ಆಗೋದು ಹೇಗೆ?

ಪ್ರಶ್ನೆ: ‘ಎ’ ಒಂದು 3×3 ಮ್ಯಾಟ್ರಿಕ್ಸ್ (ಮೂರು ಸಾಲು, ಮೂರು ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳು), ಅದರ ಡಿಟರ್ಮಿನೆಂಟ್ (ಆ ಸಂಖ್ಯೆಗಳಿಂದ ಲೆಕ್ಕ ಹಾಕುವ ಒಂದೇ ಬೆಲೆ) 5. ‘2ಎ’ ಡಿಟರ್ಮಿನೆಂಟ್ ಎಷ್ಟು ಅಂದರೆ ನಾನು 10 ಬರೆದೆ. ಪುಸ್ತಕದಲ್ಲಿ 40 ಅಂತಿದೆ. ಯಾಕೆ? ಇನ್ನೊಂದು: ಸಾಲುಗಳನ್ನು ಕೂಡಿ ಕಳೆದರೆ ಬೆಲೆ ಬದಲಾಗಲ್ಲ ಅಂತಾರೆ, ನನಗೆ ಮಾತ್ರ ಎಷ್ಟೋ ಸಲ ಬದಲಾಗಿಬಿಡುತ್ತದೆ.

ಉತ್ತರ: 40 ಸರಿ. ಡಿಟರ್ಮಿನೆಂಟ್‌ನಿಂದ 2 ಹೊರಗೆ ತೆಗೆಯುವುದು ಒಂದೊಂದೇ ಸಾಲಿನಿಂದ. ‘2ಎ’ನಲ್ಲಿ ಮೂರೂ ಸಾಲಿನಲ್ಲಿ 2 ಕೂತಿದೆ. ಹಾಗಾಗಿ 2×2×2×5.

ಚಿಕ್ಕದರಲ್ಲಿ ನೋಡಿ. ಮೊದಲ ಸಾಲು 3, 1. ಎರಡನೇ ಸಾಲು 2, 4. ಡಿಟರ್ಮಿನೆಂಟ್ 3×4 − 1×2 = 12 − 2, ಅಂದರೆ 10. ಮೊದಲ ಸಾಲನ್ನಷ್ಟೇ ದುಪ್ಪಟ್ಟು ಮಾಡಿ: 6, 2, 2, 4. ಈಗ 24 − 4 = 20. ಎರಡನೆಯದನ್ನೂ ಮಾಡಿದರೆ 48 − 8 = 40. ಗ್ರಾಫ್ ಹಾಳೆಯಲ್ಲಿ (0,0)ಯಿಂದ (3,1)ಕ್ಕೆ, (2,4)ಕ್ಕೆ ಗೆರೆ ಎಳೆದು ಸಮಾಂತರ ಚತುರ್ಭುಜ ಮುಗಿಸಿದರೆ ಅದರ ವಿಸ್ತೀರ್ಣವೂ 10. ಒಂದು ಬದಿ ದುಪ್ಪಟ್ಟಾದರೆ ವಿಸ್ತೀರ್ಣ ದುಪ್ಪಟ್ಟು, ಎರಡೂ ಆದರೆ ನಾಲ್ಕು ಪಟ್ಟು. ಅಷ್ಟೇ ಅಲ್ವಾ? 3×3ರಲ್ಲಿ ವಿಸ್ತೀರ್ಣದ ಬದಲು ಘನಫಲ.

ಎರಡನೇ ಪ್ರಶ್ನೆಗೂ ಇದೇ ಚಿತ್ರ ಸಾಕು. ಒಂದು ಸಾಲಿಗೆ ಇನ್ನೊಂದರ ಎಷ್ಟೋ ಪಟ್ಟು ಕೂಡಿದರೆ ಚತುರ್ಭುಜ ವಾಲುತ್ತದೆ. ಪಾದ, ಎತ್ತರ ಹಾಗೇ ಇರುತ್ತವೆ. ಬೆಲೆಯೂ ಹಾಗೇ. ಹೆಚ್ಚಿನವರು ಎಡವುವುದು ಭಿನ್ನರಾಶಿ ಬೇಡ ಅಂತ ಹೊರಟಾಗ. ಮೊದಲಿನ 3, 1, 2, 4ರಲ್ಲಿ ಎರಡನೇ ಸಾಲಿನ 2ನ್ನು ಸೊನ್ನೆ ಮಾಡೋಕೆ ‘ಎರಡನೇ ಸಾಲಿನ 3 ಪಟ್ಟು, ಕಳೆ ಮೊದಲ ಸಾಲಿನ 2 ಪಟ್ಟು’ ಅಂತ ಮಾಡ್ತಾರೆ. ಎರಡನೇ ಸಾಲು 0, 10 ಆಗುತ್ತದೆ, ಡಿಟರ್ಮಿನೆಂಟ್ 30! ಕಳೆದಿದ್ದರಿಂದ ತೊಂದರೆ ಇಲ್ಲ. ಆ ಸಾಲನ್ನೇ 3ರಿಂದ ಗುಣಿಸಿದ್ದೀರಲ್ಲ, ಕೊನೆಗೆ 3ರಿಂದ ಭಾಗಿಸಲೇಬೇಕು. ನಿಮ್ಮ ಲೆಕ್ಕ ತಪ್ಪುತ್ತಿರುವುದೂ ಬಹುಶಃ ಇಲ್ಲೇ. ಸಾಲುಗಳನ್ನು ಅದಲು ಬದಲು ಮಾಡಿದಾಗ ಚಿಹ್ನೆ ಬದಲಿಸಲು ಮರೆತಿಲ್ಲ ತಾನೇ?

ಇನ್ನು, ಎರಡು ಮ್ಯಾಟ್ರಿಕ್ಸ್ ಗುಣಿಸಿದರೆ ಡಿಟರ್ಮಿನೆಂಟ್‌ಗಳೂ ಗುಣಿಸಿಕೊಳ್ಳುತ್ತವೆ. ಕೂಡಿದರೆ ಮಾತ್ರ ಅಂಥ ನಿಯಮವಿಲ್ಲ, ಸುಮ್ನೆ ಊಹಿಸಬೇಡಿ. 2×2 ಐಡೆಂಟಿಟಿ ಮ್ಯಾಟ್ರಿಕ್ಸ್‌ನ (ಸಾಲುಗಳು 1, 0 ಮತ್ತು 0, 1) ಡಿಟರ್ಮಿನೆಂಟ್ 1, ಅದರ ಋಣ ರೂಪದ್ದೂ 1. ಕೂಡಿದರೆ ಎಲ್ಲ ಸೊನ್ನೆ. ಉತ್ತರ 0, 2 ಅಲ್ಲ.

ಪರೀಕ್ಷೆಯಲ್ಲಿ ಇದೇ ‘ಎ’ ಕೊಟ್ಟು ಅದರ ಅಡ್ಜಾಯಿಂಟ್‌ನ (‘ಎ’ಯ ಸಂಖ್ಯೆಗಳಿಂದಲೇ ಕಟ್ಟುವ ಇನ್ನೊಂದು ಮ್ಯಾಟ್ರಿಕ್ಸ್) ಡಿಟರ್ಮಿನೆಂಟ್ ಕೇಳುವುದೂ ಉಂಟು. ‘ಎ’ಯನ್ನು ಅದರ ಅಡ್ಜಾಯಿಂಟ್‌ನಿಂದ ಗುಣಿಸಿದರೆ ಐಡೆಂಟಿಟಿಯ 5 ಪಟ್ಟು ಸಿಗುತ್ತದೆ. ಅದರ ಡಿಟರ್ಮಿನೆಂಟ್ 5 ಅಲ್ಲ, ಮೂರು ಸಾಲಿನ ಲೆಕ್ಕಕ್ಕೆ 125. 125 ಅಂದರೆ 5×25; ಅದರಲ್ಲಿ ‘ಎ’ಯ ಪಾಲು 5, ಉಳಿದ 25 ಅಡ್ಜಾಯಿಂಟ್‌ನದು.