ಮಾರ್ಕೆಟ್ಟಿನ ಜನಜಂಗುಳಿಯಲ್ಲಿ ತೆಗೆದ ಫೋಟೋ ಬರೀ ತಲೆಗಳ ರಾಶಿಯಾಗದಿರಲು ಏನು ಮಾಡಬೇಕು?

ನೀವು ಕೇಳಿರುವುದು ಇಷ್ಟು: ಕ್ಯಾಮೆರಾ ಜೊತೆಗೇ ಬರುವ 18-55 ಮಿ.ಮೀ. ಕಿಟ್ ಲೆನ್ಸ್ ಹಾಕಿಕೊಂಡು ನಾಲ್ಕು ದಿನ ಬೆಳಿಗ್ಗೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ಗೆ ಹೋಗಿ ಬಂದಿದ್ದೀರಿ. ಅರ್ಧ ಚಿತ್ರ ಅಲುಗಿವೆ, ಉಳಿದವು ತಲೆಗಳ ರಾಶಿ, ಮುಖ ಕಾಣುವ ಕಡೆಯಲ್ಲೆಲ್ಲ ಜನ ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದಾರೆ. ಇವು ಮೂರು ಬೇರೆ ಬೇರೆ ತೊಂದರೆಗಳು. ಅಲುಗುವುದನ್ನು ಸರಿಮಾಡುವುದು ಸುಲಭ, ಅದನ್ನು ಮೊದಲು ಮುಗಿಸಿಬಿಡೋಣ.

ಲೆನ್ಸನ್ನು 24 ಮಿ.ಮೀ.ಗೆ ತಿರುಗಿಸಿ ಜೂಮ್ ರಿಂಗಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿ. ಜೂಮ್ ಕೈಗೆ ಸಿಗುತ್ತಿದ್ದರೆ ಕಾಲು ನಿಂತಲ್ಲೇ ನಿಲ್ಲುತ್ತದೆ. ರಿಂಗ್ ತಿರುಗಿಸುವಷ್ಟರಲ್ಲಿ ಎದುರಿನವರು ದಾಟಿ ಹೋಗಿರುತ್ತಾರೆ. ಒಂದೇ ಅಳತೆಗೆ ಕಣ್ಣು ಒಗ್ಗಿದರೆ, ಕ್ಯಾಮೆರಾ ಎತ್ತುವ ಮೊದಲೇ ಚೌಕಟ್ಟಿನೊಳಗೆ ಯಾರು ಬರುತ್ತಾರೆ ಅಂತ ಅಂದಾಜು ಸಿಗುತ್ತದೆ. ಬೆಳಕು ಹರಿದ ಮೇಲೆ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್/8 ಇಡಿ (ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಎರಡೂವರೆ ಮೀಟರ್ ದೂರದ ಒಂದು ಕಂಬಕ್ಕೆ ಫೋಕಸ್ ಮಾಡಿ, ಸ್ವಿಚ್ಚನ್ನು ಮ್ಯಾನ್ಯುಯಲ್ ಫೋಕಸ್‌ಗೆ ತಳ್ಳಿ. ನಿಮ್ಮ ಕ್ಯಾಮೆರಾದ್ದು ಎಪಿಎಸ್-ಸಿ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಅಳತೆಯದು) ಆದರೆ ಸುಮಾರು ಒಂದೂವರೆ ಮೀಟರಿನಿಂದ ಏಳು ಮೀಟರಿನವರೆಗೆ ಎಲ್ಲವೂ ಚೂಪಾಗಿ ಬರುತ್ತದೆ. ಗುಂಪಿನಲ್ಲಿ ಆಟೋಫೋಕಸ್ ಸೋಲುವುದು ಯಾಕೆಂದರೆ, ನಿಮಗೆ ಬೇಕಾದ ಮುಖದ ಮುಂದೆ ಸದಾ ಯಾರದೋ ಭುಜ, ಯಾರದೋ ಬುಟ್ಟಿ ಹಾಯುತ್ತಿರುತ್ತದೆ. ಅದು ಹತ್ತಿರದ್ದನ್ನೇ ಹಿಡಿದುಕೊಳ್ಳುತ್ತದೆ. ಒಂದು ಎಚ್ಚರಿಕೆ: ಕೆಲವು ಲೆನ್ಸ್‌ಗಳಲ್ಲಿ ಕ್ಯಾಮೆರಾ ಆಫ್ ಮಾಡಿ ಆನ್ ಮಾಡಿದರೆ ಇಟ್ಟ ಫೋಕಸ್ ಜಾಗ ಬಿಟ್ಟಿರುತ್ತದೆ. ಆಗಾಗ ಒಂದು ಚಿತ್ರ ದೊಡ್ಡದು ಮಾಡಿ ನೋಡಿಕೊಳ್ಳಿ.

ಶಟರ್ 1/500 ಸೆಕೆಂಡ್. ನಿಂತು ತೆಗೆಯುವವರಿಗೆ 1/250 ಸಾಕು, ಆದರೆ ಮೂರು ಹೆಜ್ಜೆ ದೂರದಲ್ಲಿ ಅಡ್ಡ ಹಾಯುವವರನ್ನು ಅದು ಹಿಡಿಯುವುದಿಲ್ಲ. ಕ್ಯಾಮೆರಾ 'ಎಂ' (ಮ್ಯಾನ್ಯುಯಲ್) ಮೋಡಿನಲ್ಲಿರಲಿ, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎನ್ನುವ ಐಎಸ್‌ಒ ಆಟೋ, ಮಿತಿ 6400. ನಾಯ್ಸ್ (ಕಾಳುಕಾಳು) ಬಂದ ಚಿತ್ರವನ್ನು ನೋಡಬಹುದು, ಅಲುಗಿದ ಮುಖವನ್ನು ಏನೂ ಮಾಡಲಾಗುವುದಿಲ್ಲ.

ಬೆಳಗಾಗುವ ಮೊದಲು ಮಾತ್ರ ಈ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಹೂವಿನ ರಾಶಿಗಳ ಮೇಲೆ ತೂಗುವ ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಯಾಕೆಂದರೆ ನಮ್ಮ ಕರೆಂಟು 50 ಹರ್ಟ್ಜ್. 1/500ರಲ್ಲಿ ತೆಗೆದರೆ ಚಿತ್ರಕ್ಕೆ ಅಡ್ಡಲಾಗಿ ಕಪ್ಪು ಪಟ್ಟಿಗಳು ಬೀಳುತ್ತವೆ. ಸೈಲೆಂಟ್ ಶಟರ್ ಹಾಕಿದರೆ ಇನ್ನೂ ಹೆಚ್ಚು. ಶಟರನ್ನು 1/100ಕ್ಕೆ ಇಳಿಸಿ, ಎಫ್/4, ಐಎಸ್‌ಒ 3200ರ ಆಸುಪಾಸು. ಆಗ ಚೂಪಾಗಿರುವ ಜಾಗ ಎರಡರಿಂದ ಮೂರೂವರೆ ಮೀಟರಿಗೆ ಕುಗ್ಗುತ್ತದೆ, ನಡೆಯುವವರೂ ಅಲುಗುತ್ತಾರೆ. ಹಾಗಾಗಿ ಆ ಹೊತ್ತಿನಲ್ಲಿ ಕೂತವರನ್ನು ಹುಡುಕಿ: ಹೂ ಕಟ್ಟುವವರು, ಮಾರು ಹಾಕಿ ಅಳೆಯುವವರು, ಮೂಟೆ ಇಳಿಸಿ ಟೀ ಕುಡಿಯುವವರು.

ಬಣ್ಣದಲ್ಲಿ ಎರಡು ಕಡೆ ಎಡವುತ್ತೀರಿ. ಚೆಂಡು ಹೂವಿನ ಕೇಸರಿ ಕ್ಯಾಮೆರಾದ ಕೆಂಪು ಚಾನೆಲ್ಲನ್ನು ಬಹಳ ಬೇಗ ತುಂಬಿಬಿಡುತ್ತದೆ. ಬೆಳಕಿನ ಹಂಚಿಕೆ ತೋರಿಸುವ ಸಾಮಾನ್ಯ ಹಿಸ್ಟೋಗ್ರಾಮ್ ಸರಿಯಾಗಿದೆ ಅನಿಸಿದರೂ ಎಸಳುಗಳು ಒಂದೇ ಬಣ್ಣದ ಮುದ್ದೆಯಾಗಿರುತ್ತವೆ. ಮೂರೂ ಬಣ್ಣ ತೋರಿಸುವ ಹಿಸ್ಟೋಗ್ರಾಮ್ ಆನ್ ಮಾಡಿ, ಎಕ್ಸ್‌ಪೋಷರನ್ನು ಒಂದು ಸ್ಟಾಪಿನ (ಬೆಳಕು ಅರ್ಧಕ್ಕಿಳಿಯುವ ಅಳತೆ) ಮೂರನೇ ಎರಡು ಭಾಗದಷ್ಟು ಕಡಿಮೆ ಇಡಿ, ಸೆನ್ಸರ್ ಹಿಡಿದದ್ದನ್ನೆಲ್ಲ ಉಳಿಸುವ ರಾ ಫೈಲ್‌ನಲ್ಲೇ ತೆಗೆಯಿರಿ. ಎರಡನೆಯದು ನೀಲಿ ಟಾರ್ಪಾಲು. ಅದರಡಿ ಕೂತವರ ಮುಖ ನೀಲಿಯಾಗಿ, ಹೆಣದ ಬಣ್ಣ ಬರುತ್ತದೆ. ಮುಖ ಸರಿಮಾಡಲು ಹೋದರೆ ಹೊರಗಿನ ಬೀದಿ ಹಳದಿಯಾಗುತ್ತದೆ, ಏಕೆಂದರೆ ಒಂದೇ ಚಿತ್ರದಲ್ಲಿ ಎರಡು ಬೆಳಕು ಇವೆ. ಟಾರ್ಪಾಲಿನ ಅಂಚಿಗೆ ಬಂದು, ಬಯಲ ಬೆಳಕು ಮುಖಕ್ಕೆ ಬೀಳುವ ಕ್ಷಣ ಕಾಯುವುದೊಂದೇ ಒಳ್ಳೆಯ ದಾರಿ.

ಇನ್ನು ತಲೆಗಳ ರಾಶಿ. ಗುಂಪನ್ನು ನೋಡುವಾಗ ನೀವು ಜನರನ್ನು ನೋಡುತ್ತಿದ್ದೀರಿ; ನೋಡಬೇಕಾದ್ದು ಜನರ ನಡುವಿನ ಸಂದುಗಳನ್ನು. ನಿಜದಲ್ಲಿ ಹತ್ತಡಿ ಅಂತರದಲ್ಲಿರುವ ಇಬ್ಬರು ಚಿತ್ರದಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು, ಎರಡು ತಲೆಯ ಒಂದು ಗಡ್ಡೆಯಾಗುತ್ತಾರೆ. ಅವರ ಮಧ್ಯೆ ಒಂದು ಬೆರಳಗಲ ಬಯಲು ಕಂಡರೆ ಸಾಕು, ಇಬ್ಬರೂ ಮನುಷ್ಯರಾಗಿ ಉಳಿಯುತ್ತಾರೆ. ಆದ್ದರಿಂದ ಮೊದಲು ಹಿನ್ನೆಲೆ ಆರಿಸಿ: ಮುಚ್ಚಿದ ರೋಲಿಂಗ್ ಶಟರ್, ಬಣ್ಣ ಬಳಿದ ಗೋಡೆ, ಒಂದೇ ಬಣ್ಣದ ಹೂರಾಶಿ. ಅದಕ್ಕೆ ಎದುರಾಗಿ ಒಂದು ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲಿ. ಜನರ ಹರಿವು ಕಂಬದ ಎರಡೂ ಕಡೆ ಸೀಳಿ ಹೋಗುವುದರಿಂದ ನಿಮ್ಮ ಮುಂದೆ ತಾನಾಗೇ ಸ್ವಲ್ಪ ಬಯಲು ಉಳಿಯುತ್ತದೆ, ಹೊರೆಯವರಿಗೆ ನೀವು ಅಡ್ಡಿಯೂ ಆಗುವುದಿಲ್ಲ. ಅಲ್ಲೇ ಅರ್ಧ ಗಂಟೆ. ಹತ್ತಿರ ಒಬ್ಬರು, ನಡುವೆ ಇಬ್ಬರು ಮೂವರು, ಹಿಂದೆ ಮಿಕ್ಕವರು, ಹೀಗೆ ಮೂರು ಪದರ ಒಂದರ ಮೇಲೊಂದು ಬೀಳದೆ ಕೂಡಿ ಬರುವುದು ಅರ್ಧ ಗಂಟೆಯಲ್ಲಿ ನಾಲ್ಕೈದು ಸಲ ಮಾತ್ರ. ಅಲೆದಾಡುತ್ತಿದ್ದರೆ ಆ ನಾಲ್ಕೈದೂ ತಪ್ಪುತ್ತವೆ.

ಕ್ಯಾಮೆರಾ ಎತ್ತರ ಬದಲಿಸಿ ನೋಡಿ. ಕಣ್ಣಿನ ಮಟ್ಟದಲ್ಲಿ ಮೊದಲ ಸಾಲಿನ ಭುಜಗಳೇ ಗೋಡೆಯಾಗುತ್ತವೆ. ಸೊಂಟದ ಮಟ್ಟಕ್ಕೆ ಇಳಿಸಿದರೆ ಕೂತ ವ್ಯಾಪಾರಿಯ ಮುಖಕ್ಕೆ ಸಮನಾಗುತ್ತೀರಿ, ನಿಂತವರ ಕೈಗಳು, ಚೀಲಗಳು ಚೌಕಟ್ಟು ಕಟ್ಟುತ್ತವೆ. ಇಲ್ಲವೇ ಮಾರ್ಕೆಟ್ ಕಟ್ಟಡದ ಮೇಲಂತಸ್ತಿನಿಂದ ಕೆಳಗೆ ನೋಡಿ. ಅಲ್ಲಿ ಟೇಪ್ ಕಿತ್ತು 55ಕ್ಕೆ ಹೋಗಬಹುದು. ಮೇಲಿನಿಂದ ನೆಲವೇ ಹಿನ್ನೆಲೆಯಾಗುವುದರಿಂದ ಸಂದುಗಳು ಸುಲಭವಾಗಿ ಕಾಣುತ್ತವೆ. ನಿಧಾನದ ಶಟರ್ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ: ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ, ನೆರಳಿನಲ್ಲಿ, ಐಎಸ್‌ಒ 100, ಎಫ್/11, 1/8. ಮೊಣಕೈ ಕಟ್ಟೆಗೆ ಊರಿ, ಉಸಿರು ಬಿಟ್ಟು, ಒಂದೇ ಚೌಕಟ್ಟಿಗೆ ಎಂಟು ಹತ್ತು ಸಲ ಒತ್ತಿ. ಕೂತ ಮಾರಾಟಗಾರರು ಗಟ್ಟಿಯಾಗಿ ಉಳಿದು, ಕೊಳ್ಳುವವರು ಅವರ ಸುತ್ತ ನೀರಿನಂತೆ ಹರಿದಿರುವ ಒಂದು ಚಿತ್ರ ಅದರಲ್ಲಿ ಸಿಗುತ್ತದೆ.

ಕ್ಯಾಮೆರಾ ದಿಟ್ಟಿಸುವುದಕ್ಕೆ ಮುಖ್ಯ ಕಾರಣ ನೀವು ಕ್ಯಾಮೆರಾ ಎತ್ತಿ, ತೆಗೆದು, ತಕ್ಷಣ ಇಳಿಸಿ ಪರದೆ ನೋಡುವುದು. ಆ ಏರಿಳಿತ ಕಣ್ಣಿಗೆ ಹೊಡೆಯುತ್ತದೆ. ಎತ್ತಿದ್ದನ್ನು ಎತ್ತಿಯೇ ಇರಿ. ಮೊದಲ ಐದು ನಿಮಿಷ ಎಲ್ಲರೂ ನೋಡುತ್ತಾರೆ, ಆಮೇಲೆ ಅವರಿಗೆ ಅವರ ವ್ಯಾಪಾರ. ಕದ್ದು ತೆಗೆಯಬೇಡಿ, ಕದಿಯುವವರ ಮೈಯಲ್ಲಿರುವ ಅಳುಕು ಮಾರ್ಕೆಟ್ಟಿನವರಿಗೆ ಎಲ್ಲರಿಗಿಂತ ಬೇಗ ಗೊತ್ತಾಗುತ್ತದೆ. ಹತ್ತಿರದ ಮುಖ ಬೇಕಾದರೆ ಕೇಳಿ: "ಅಮ್ಮಾ, ಹೂ ಕಟ್ಟೋದು ಒಂದು ಫೋಟೋ ತಗೊಳ್ಲಾ?" ಹೂಂ ಅಂದ ಕೂಡಲೇ ಅವರು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾರೆ. ಅದನ್ನೂ ಒಂದು ತೆಗೆದು ತೋರಿಸಿ. ಕೈ ಮತ್ತೆ ದಾರಕ್ಕೆ ಹೋದಾಗ ನಿಮಗೆ ಬೇಕಾದ ಚಿತ್ರ ಬರುತ್ತದೆ. ಬೇಡ ಅಂದರೆ ಅಲ್ಲಿಗೆ ಬಿಡಿ. ತೆಗೆದದ್ದಿದ್ದರೆ ಅವರೆದುರೇ ಅಳಿಸಿ. ಬೀದಿಯಲ್ಲಿ ಫೋಟೋ ತೆಗೆಯುವುದೇ ಅಪರಾಧ ಎನ್ನುವ ಕಾನೂನು ನಮ್ಮಲ್ಲಿಲ್ಲ, ಆದರೆ ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿದೆ. ಜಾಹೀರಾತಿಗೆ ಬಳಸುವುದಾದರೆ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. "ದಾರಿ, ದಾರಿ" ಅಂತ ಕೂಗು ಕೇಳಿದರೆ ಚಿತ್ರ ಎಷ್ಟೇ ಚೆನ್ನಾಗಿರಲಿ ಪಕ್ಕಕ್ಕೆ ಸರಿಯಿರಿ, ತಲೆ ಮೇಲೆ ಹೊರೆ ಇರುವವರು ನಿಲ್ಲಲಾರರು. ನೆಲ ಸದಾ ಒದ್ದೆ, ಕೊಳೆತ ಎಸಳು ಜಾರುತ್ತದೆ. ಹಿಡಿತವಿರುವ ಶೂ ಹಾಕಿ, ಬ್ಯಾಗ್ ಎದೆಯ ಮೇಲಿರಲಿ.

ಬೆಳಗಿನದ್ದೇ ಬೆಳಕು ಅಂತ ಮಧ್ಯಾಹ್ನ ಮನೆಯಲ್ಲಿ ಕೂರಬೇಡಿ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ; ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ಬಯಲಲ್ಲಿ ಆ ಬಿಸಿಲು ಕಣ್ಣುಗುಳಿಗಳನ್ನು ಕಪ್ಪು ಮಾಡುತ್ತದೆ, ನಿಜ. ಆದರೆ ಚಿಕ್ಕಪೇಟೆಯ ಇಕ್ಕಟ್ಟು ಸಂದಿಗಳಿಗೆ ಬಿಸಿಲಿನ ಪಟ್ಟಿ ಇಳಿಯುವುದು ನಡುಹಗಲಿನ ಆಸುಪಾಸಿನಲ್ಲೇ. ಐಎಸ್‌ಒ 200, ಎಫ್/8, 1/800 ಎಂದು ಬಿಸಿಲಿಗೇ ಲೆಕ್ಕ ಹಾಕಿ, ಆಟೋ ಐಎಸ್‌ಒ ಆಫ್ ಮಾಡಿ. ಪಟ್ಟಿಯೊಳಗೆ ಕಾಲಿಟ್ಟವರು ಮಾತ್ರ ಬೆಳಗುತ್ತಾರೆ; ಫ್ಲೆಕ್ಸು, ವೈರು, ಸ್ಕೂಟರುಗಳೆಲ್ಲ ಕತ್ತಲೆಗೆ ಹೋಗುತ್ತವೆ.

ದೊಡ್ಡ ಗುಂಪಿಗೆ ಅಂತ ಮೊದಲು ಕರಗಕ್ಕೆ ಹೋಗಬೇಡಿ. ಚೈತ್ರ ಹುಣ್ಣಿಮೆಯ ನಡುರಾತ್ರಿ ಕಳೆದ ಮೇಲೆ, ಕತ್ತಿ ಹಿಡಿದ ವೀರಕುಮಾರರ ನಡುವೆ ಕರಗ ಹೊರಡುತ್ತದೆ. ಬೆಳಕು ಕಡಿಮೆ, ನೂಕುನುಗ್ಗಲು ವಿಪರೀತ. ಅಲ್ಲಿ ಫ್ಲ್ಯಾಶ್ ಹೊಡೆಯಲೇಬಾರದು. ಬಸವನಗುಡಿಯ ಕಡಲೆಕಾಯಿ ಪರಿಷೆ ಹೊಸಬರಿಗೆ ಸರಿಯಾದದ್ದು. ಕಾರ್ತಿಕದ ಕೊನೆಯ ಸೋಮವಾರ ಬೆಳಿಗ್ಗೆ ಏಳಕ್ಕೆ ಬುಲ್ ಟೆಂಪಲ್ ರಸ್ತೆಗೆ ಹೋಗಿ, ರಾಶಿ ಸುರಿಯುವವರ ಪಕ್ಕ ಜಾಗ ಗುರುತು ಮಾಡಿಕೊಳ್ಳಿ, ಒಂದು ಸೇರು ಕಾಯಿ ಕೊಂಡು ಮಾತಾಡಿಸಿ. ಸಂಜೆ ಐದೂವರೆಗೆ ಅದೇ ಜಾಗಕ್ಕೆ ವಾಪಸ್ಸು ಬನ್ನಿ. ಆಗ ಜನ ತುಂಬಿರುತ್ತಾರೆ, ರಾಶಿಯ ಹಿಂದೆ ನಿಲ್ಲಲು ನಿಮಗೊಂದು ಜಾಗ ಕೊಡುವವರೂ ಇರುತ್ತಾರೆ.